ಸೈಕಲ್ ಸವಾರಿಗೆ ಜೊತೆಯಾದ ಪುಟ್ಟ ಒಲೆ

ಸೈಕಲ್ ಸವಾರಿ ಎಂದೊಡನೆ ಬಹುತೇಕರ ಕಣ್ಣೆದುರು ಬರುವುದು ವೇಗ, ದೂರ ಮತ್ತು ಬೆವರು. ಇವಾವುದರ ಹಂಗೂ ಇಲ್ಲದ ಮತ್ತೊಂದು ಬಗೆಯ ಸವಾರಿಯೂ ಇದೆ. ಕ್ಯಾರಿಯರ್‌ನ ಚೀಲದಲ್ಲಿ ಅಂಗೈಯಗಲದ ಒಂದು ಒಲೆ, ಒಂದು ಪಾತ್ರೆ, ಚಹಾಪುಡಿ ಹಾಗೂ ನೀರು ಇಟ್ಟುಕೊಂಡು ಹೊರಡುವುದು, ಮನಸ್ಸಿಗೆ ಹಿಡಿಸಿದ ಕಡೆ ನಿಂತು ಚಹಾ ಕಾಯಿಸಿ ಕುಡಿಯುವುದು, ಸಾವಕಾಶವಾಗಿ ಮರಳುವುದು. ಜಪಾನಿನಲ್ಲಿ ಇಂತಹ ನಿಧಾನ ಸವಾರಿಗೆ 'ಪಾಟರಿಂಗ್' ಎಂಬ ಹೆಸರೇ ಇದೆ. ಇಂಗ್ಲಿಷಿನಿಂದ ಎರವಲು ಪಡೆದ ಈ ಪದದ ಅರ್ಥ, ಅವಸರವಿಲ್ಲದೆ ಅಲ್ಲಿ ಇಲ್ಲಿ ಸುತ್ತಾಡುವುದು ಎಂದು.

ಮೇಲುನೋಟಕ್ಕೆ ಇದೊಂದು ಸರಳ ಹವ್ಯಾಸ. ಆದರೆ ಇದರ ಹಿಂದೆ 120 ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ, ಒಂದಿಷ್ಟು ವಿಜ್ಞಾನವಿದೆ. ಇದರ ತವರಾದ ಬ್ರಿಟನ್ನಿನಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಹಕ್ಕಿನ ಪ್ರಶ್ನೆಯೊಂದೂ ಇದರೊಡನೆ ಬೆಸೆದುಕೊಂಡಿದೆ. ಬಯಲಿನಲ್ಲಿ ತಂಗಿ ಅಡುಗೆ ಮಾಡಿಕೊಳ್ಳುವ ಅವಕಾಶ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಬೆಂಕಿಯನ್ನು ಬಳಸುವವರ ವಿವೇಕವನ್ನೇ ಅವಲಂಬಿಸಿದೆ.

ದರ್ಜಿಯೊಬ್ಬರ ಪ್ರಯೋಗ

ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕ ಚಕ್ರವಿದ್ದ ಹಳೆಯ ಸೈಕಲ್ಲುಗಳಲ್ಲಿ ಸಾಮಾನು ಹೇರಿಕೊಂಡು ಹೋಗುವುದು ಕಷ್ಟಸಾಧ್ಯವಾಗಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಅವರು ಎರಡೂ ಚಕ್ರಗಳು ಹೆಚ್ಚು ಕಡಿಮೆ ಸಮನಾಗಿದ್ದ, ಚೈನಿನಿಂದ ಓಡುವ 'ರೋವರ್' ಸೈಕಲ್ಲನ್ನು ರೂಪಿಸಿದರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅವರ ಗಾಳಿ ತುಂಬುವ ಟೈರು ಬಂದಿತು. ಇವೆರಡರಿಂದಾಗಿ ಸಾಧಾರಣ ಜನರೂ ಚೀಲ ಕಟ್ಟಿಕೊಂಡು ದೂರದೂರಿಗೆ ಸೈಕಲ್ಲಿನಲ್ಲಿ ಹೋಗುವುದು ಸಾಧ್ಯವಾಯಿತು.

ಈ ಅವಕಾಶವನ್ನು ಬಳಸಿಕೊಂಡವರಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಪ್ರಮುಖರು. 1844ರಲ್ಲಿ ಜನಿಸಿದ ಅವರು ವೃತ್ತಿಯಿಂದ ದರ್ಜಿ. ಬಾಲ್ಯದಲ್ಲಿ ತಂದೆತಾಯಿಗಳೊಡನೆ ಅಮೆರಿಕದ ಹುಲ್ಲುಗಾವಲುಗಳನ್ನು ದಾಟಿ ಪಯಣಿಸಿದ್ದ ಅವರಿಗೆ ಬಯಲಿನ ಬದುಕು ಹೊಸತಾಗಿರಲಿಲ್ಲ. ಗೆಳೆಯರೊಂದಿಗೆ ಸೈಕಲ್ಲಿನಲ್ಲಿ ಐರ್ಲೆಂಡಿನ ಕಾನೆಮಾರಾ ಪ್ರದೇಶವನ್ನು ಸುತ್ತಿ, ಹಗುರವಾದ ಡೇರೆಯಲ್ಲಿ ತಂಗಿ, ತಮ್ಮ ಅಡುಗೆಯನ್ನು ತಾವೇ ಮಾಡಿಕೊಂಡ ಅನುಭವವನ್ನು ಅವರು ಪುಸ್ತಕವಾಗಿ ಪ್ರಕಟಿಸಿದರು. ಅದನ್ನು ಓದಿ ಆಸಕ್ತಿ ತಳೆದವರು ಸೇರಿ 1901ರಲ್ಲಿ 'ಅಸೋಸಿಯೇಷನ್ ಆಫ್ ಸೈಕಲ್ ಕ್ಯಾಂಪರ್ಸ್' ಎಂಬ ಸಂಘವನ್ನು ಸ್ಥಾಪಿಸಿದರು. ಇಂದಿನ 'ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್' ಆ ಸಂಘದ ಮುಂದುವರಿದ ರೂಪ. 1908ರಲ್ಲಿ ಹೋಲ್ಡಿಂಗ್ ಅವರು ಶಿಬಿರವಾಸಿಗಳಿಗಾಗಿ ಕೈಪಿಡಿಯೊಂದನ್ನೂ ಹೊರತಂದರು.

ಅದುವರೆಗೆ ಶಿಬಿರ ಹೂಡುವುದೆಂದರೆ ಸೈನಿಕರ, ಬೇಟೆಗಾರರ ಅಥವಾ ಆಳುಕಾಳುಗಳನ್ನು ಕಟ್ಟಿಕೊಂಡ ಶ್ರೀಮಂತರ ವ್ಯವಹಾರ ಎಂಬ ಭಾವನೆಯಿತ್ತು. ಒಂದು ಸೈಕಲ್ಲಿನ ಮೇಲೆ ಹೇರಬಹುದಾದಷ್ಟು ಸಾಮಾನಿನಲ್ಲಿಯೇ ಮನೆ ಮತ್ತು ಅಡುಗೆಮನೆ ಎರಡನ್ನೂ ಒಯ್ಯಬಹುದು ಎಂಬುದನ್ನು ಈ ದರ್ಜಿ ತೋರಿಸಿಕೊಟ್ಟರು.

ಪಂಪ್ ಸ್ಟೌವಿನ ನಂಟು

ಹೋಲ್ಡಿಂಗ್ ಅವರ ಕಾಲದಲ್ಲಿಯೇ ಒಲೆಯ ತಂತ್ರಜ್ಞಾನವೂ ಬದಲಾಗುತ್ತಿತ್ತು. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್‌ಹೆಲ್ಮ್ ಲಿಂಡ್‌ಕ್ವಿಸ್ಟ್ ಅವರು ಮಸಿ ಹಿಡಿಯದ ಸೀಮೆಎಣ್ಣೆ ಒಲೆಯನ್ನು ರೂಪಿಸಿದರು. ಅದೇ 'ಪ್ರೈಮಸ್'. ಪಂಪಿನಿಂದ ಟ್ಯಾಂಕಿನೊಳಗೆ ಗಾಳಿಯೊತ್ತಿದಾಗ ಸೀಮೆಎಣ್ಣೆ ಮೇಲೇರುತ್ತದೆ. ಮೊದಲೇ ಕಾಯಿಸಿದ ಕೊಳವೆಯಲ್ಲಿ ಆವಿಯಾಗುತ್ತದೆ. ಸೂಕ್ಷ್ಮ ರಂಧ್ರದಿಂದ ಚಿಮ್ಮಿ ಗಾಳಿಯೊಡನೆ ಬೆರೆತು ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಬತ್ತಿಯ ಅಗತ್ಯವಿಲ್ಲ.

ಅಡುಗೆ ಅನಿಲ ಮನೆಮನೆಗೆ ಬರುವ ಮುನ್ನ ಕರ್ನಾಟಕದ ಅಡುಗೆಮನೆಗಳಲ್ಲಿ ಭರ್ರನೆ ಸದ್ದು ಮಾಡುತ್ತಿದ್ದ ಪಂಪ್ ಸ್ಟೌ ಕೆಲಸ ಮಾಡುತ್ತಿದ್ದುದು ಇದೇ ತತ್ವದ ಮೇಲೆ. ರಂಧ್ರ ಕಟ್ಟಿಕೊಂಡಾಗ ಸ್ಟೌ ಪಿನ್ನಿಗಾಗಿ ಹುಡುಕಾಡಿದ ನೆನಪು ಹಿರಿಯ ಓದುಗರಿಗೆ ಇನ್ನೂ ಇದ್ದೀತು. 1911ರಲ್ಲಿ ದಕ್ಷಿಣ ಧ್ರುವ ತಲುಪಿದ ರೋಲ್ಡ್ ಅಮುಂಡ್‌ಸೆನ್ ಅವರ ತಂಡವೂ ಪ್ರೈಮಸ್ ಒಲೆಯನ್ನು ಒಯ್ದಿತ್ತು. ಇದೇ ಒಲೆಯ ಚಿಕ್ಕ ಮಾದರಿಗಳು ಸೈಕಲ್ ಸವಾರರ ಚೀಲವನ್ನೂ ಸೇರಿದವು.

ಬಡವರ ಚಹಾಕೂಟ

ಈ ಹವ್ಯಾಸ ಉಳ್ಳವರಿಗಷ್ಟೇ ಸೀಮಿತವಾಗಲಿಲ್ಲ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ಮತ್ತು ಕ್ಲೈಡ್ ನದಿ ದಂಡೆಯ ಹಡಗು ಕಟ್ಟೆಗಳಲ್ಲಿ ಕೆಲಸ ಕಳೆದುಕೊಂಡ ಯುವಕರು ವಾರಾಂತ್ಯಗಳಲ್ಲಿ ಕಾಲ್ನಡಿಗೆಯಲ್ಲಿ, ಸೈಕಲ್ಲುಗಳಲ್ಲಿ ಊರಾಚೆಗೆ ಹೊರಡುತ್ತಿದ್ದರು. ಹೊರಗೆ ಬೆಂಕಿ ಹೊತ್ತಿಸಿ, ಮಸಿ ಹಿಡಿದ ಡಬ್ಬಿಯಲ್ಲಿ ಚಹಾ ಕುದಿಸಿಕೊಳ್ಳುವುದಕ್ಕೆ ಅವರು 'ಡ್ರಮ್ ಅಪ್' ಎನ್ನುತ್ತಿದ್ದರು. ಹೋಟೆಲಿಗೆ ಕೊಡಲು ಕೈಯಲ್ಲಿ ಕಾಸಿಲ್ಲದವರಿಗೂ ಕೆರೆದಂಡೆಯ ಬಿಸಿ ಚಹಾಕ್ಕೆ ಅಡ್ಡಿಯಿರಲಿಲ್ಲ. ಗ್ಲಾಸ್ಗೋ ಸಮೀಪದ ಕ್ರೇಗಾಲಿಯನ್ ಕೆರೆಯ ಬಳಿ ಹೀಗೆ ಸೇರುತ್ತಿದ್ದವರ ಬೆಂಕಿ ಎಷ್ಟು ಪ್ರಸಿದ್ಧವಾಯಿತೆಂದರೆ 2012ರಲ್ಲಿ ಅಲ್ಲೊಂದು ಸ್ಮಾರಕವನ್ನೇ ನಿಲ್ಲಿಸಲಾಯಿತು.

ಮುಂದೆ 1955ರಲ್ಲಿ ಇಂಗ್ಲೆಂಡಿನ ಲೆಮ್‌ಸ್ಟರ್ ಪಟ್ಟಣದಲ್ಲಿ 'ರಫ್ ಸ್ಟಫ್ ಫೆಲೋಶಿಪ್' ಎಂಬ ಕ್ಲಬ್ ಆರಂಭವಾಯಿತು. ಡಾಂಬರು ರಸ್ತೆ ಬಿಟ್ಟು ಬೆಟ್ಟದ ಹಾದಿಗಳಲ್ಲಿ ಸೈಕಲ್ ತುಳಿಯುವುದು, ಅಗತ್ಯ ಬಿದ್ದರೆ ಹೆಗಲ ಮೇಲೆ ಹೊರುವುದು ಇದರ ಸದಸ್ಯರ ರೂಢಿ. ಕಣಿವೆಯ ನಡುವೆ ಒಲೆ ಹೂಡಿ ಚಹಾ ಕಾಯಿಸುತ್ತಿರುವ ಸದಸ್ಯರ ಹಳೆಯ ಛಾಯಾಚಿತ್ರಗಳು 2019ರಲ್ಲಿ ಪುಸ್ತಕ ರೂಪದಲ್ಲಿ ಬಂದಾಗ ಹೊಸ ಪೀಳಿಗೆಯವರೂ ಇತ್ತ ಗಮನ ಹರಿಸಿದರು.

ಬಿಡುವಿಲ್ಲದ ನಗರವಾಸಿಗಳಿಗೆ ಇದನ್ನು ಒಗ್ಗಿಸಿದ ಕೀರ್ತಿ ಅಮೆರಿಕದ ಸೈಕಲ್ ವಿನ್ಯಾಸಕಾರ ಗ್ರ್ಯಾಂಟ್ ಪೀಟರ್‌ಸನ್ ಅವರಿಗೂ ಸಲ್ಲುತ್ತದೆ. ಸಂಜೆ ಮನೆಯಿಂದ ಹೊರಟು, ಹತ್ತಿರದಲ್ಲಿಯೇ ರಾತ್ರಿ ತಂಗಿ, ಬೆಳಗಿನ ಕಾಫಿ ಮುಗಿಸಿ ಮರಳುವ, 24 ಗಂಟೆಯೊಳಗಿನ ಪ್ರವಾಸವನ್ನು ಅವರು ಪ್ರಚಾರಕ್ಕೆ ತಂದರು. ರಜೆ ಹಾಕಬೇಕಿಲ್ಲ, ದೊಡ್ಡ ಸಿದ್ಧತೆಯೂ ಬೇಕಿಲ್ಲ ಎಂಬುದೇ ಇದರ ಆಕರ್ಷಣೆ.

ಯಾವ ಒಲೆ, ಎಷ್ಟು ಇಂಧನ?

ಇಂದು ಸವಾರರು ಒಯ್ಯುವ ಒಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ: ಸ್ಪಿರಿಟ್ ಒಲೆ, ಗ್ಯಾಸ್ ಒಲೆ ಮತ್ತು ಗುಳಿಗೆ ಒಲೆ.

ಸ್ಪಿರಿಟ್ ಒಲೆ ಹಿತ್ತಾಳೆಯ ಪುಟ್ಟ ಬಟ್ಟಲಿನಂತಿರುತ್ತದೆ. ಇದರ ಗೋಡೆ ಎರಡು ಪದರದ್ದು. ನಡುವಿನ ಸ್ಪಿರಿಟ್ ಉರಿದಾಗ ಗೋಡೆ ಕಾದು, ಪದರಗಳ ನಡುವಿನ ಸ್ಪಿರಿಟ್ ಆವಿಯಾಗಿ ಅಂಚಿನ ರಂಧ್ರಗಳಿಂದ ಹೊರಬಂದು ಉರಿಯುತ್ತದೆ. ಪಂಪ್ ಇಲ್ಲ, ಕೆಡುವ ಭಾಗವಿಲ್ಲ, ಸದ್ದೂ ಇಲ್ಲ. 1925ರಲ್ಲಿ ಸ್ಥಾಪನೆಯಾದ ಸ್ವೀಡನ್ನಿನ 'ಟ್ರಾಂಜಿಯಾ' ಕಂಪನಿಯು ಇಂತಹ ಒಲೆಗೆ ಗಾಳಿತಡೆಯನ್ನೂ ಪಾತ್ರೆಗಳನ್ನೂ ಹೊಂದಿಸಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ ಮಾದರಿ ಇಂದಿಗೂ ಬಳಕೆಯಲ್ಲಿದೆ.

ಇಂಧನದ ಲೆಕ್ಕ ಸುಲಭ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಅರ್ಧ ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 167 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಎಥೆನಾಲ್ ಉರಿದರೆ ಸುಮಾರು 27 ಕಿಲೋಜೂಲ್ ದೊರೆಯುತ್ತದೆ. ಅಂದರೆ ಆರೇಳು ಗ್ರಾಂ ಸಾಲಬೇಕು. ಆದರೆ ಬಯಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖ ಗಾಳಿಪಾಲಾಗುವುದೆಂದು ಎಣಿಸಿದರೆ 15 ಗ್ರಾಂ, ಅಂದರೆ ಸುಮಾರು 20 ಮಿಲಿಲೀಟರ್ ಬೇಕಾದೀತು. 100 ಮಿಲಿಲೀಟರಿನ ಸೀಸೆಯಲ್ಲಿ ಐದು ಬಾರಿ ನೀರು ಕಾಯಿಸಬಹುದು. ಪಾತ್ರೆಗೆ ಮುಚ್ಚಳ ಮತ್ತು ಒಲೆಗೆ ಗಾಳಿತಡೆ ಇದ್ದರೆ ಖರ್ಚು ಇನ್ನೂ ತಗ್ಗುತ್ತದೆ.

ಗ್ಯಾಸ್ ಒಲೆ ಬೇಗ ಕಾಯಿಸುತ್ತದೆ, ಉರಿಯನ್ನು ಬೇಕಾದಂತೆ ಹೊಂದಿಸಬಹುದು. ಆದರೆ ಸಾಧಾರಣ ಬ್ಯೂಟೇನ್ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಚಳಿ ಪ್ರದೇಶಗಳಿಗೆ ಪ್ರೊಪೇನ್ ಬೆರೆಸಿದ ಡಬ್ಬಿಗಳನ್ನು ತಯಾರಿಸುತ್ತಾರೆ. ಜರ್ಮನಿಯಲ್ಲಿ 1936ರಲ್ಲಿ ಬಂದ 'ಎಸ್ಬಿಟ್' ಮಾದರಿಯ ಗುಳಿಗೆಗಳು ಹಗುರವಾಗಿದ್ದು ಚೆಲ್ಲುವ ಭಯವಿಲ್ಲ. ವಾಸನೆ ಮತ್ತು ಪಾತ್ರೆಗೆ ಅಂಟುವ ಜಿಡ್ಡು ಅವುಗಳ ಕೊರತೆ.

ಮರೆಯಬಾರದ ಎಚ್ಚರಿಕೆಗಳು

ಹಗಲಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೆ ಕಾಣದಿರಬಹುದು. ಆರಿದೆಯೆಂದು ಭಾವಿಸಿ ಉರಿಯುತ್ತಿರುವ ಒಲೆಗೆ ಸ್ಪಿರಿಟ್ ಸುರಿದರೆ ಸೀಸೆಗೇ ಬೆಂಕಿ ಹತ್ತುತ್ತದೆ. ಒಲೆ ಪೂರ್ತಿ ತಣಿದ ಬಳಿಕವೇ ಮತ್ತೆ ತುಂಬಬೇಕು. ಕುಡಿಯಲು ಬಾರದಂತೆ ಮಾಡಿದ ಸ್ಪಿರಿಟ್ಟಿನಲ್ಲಿ ವಿಷಕಾರಿ ಮೆಥನಾಲ್ ಇರುವುದರಿಂದ ಅದನ್ನು ನೀರಿನ ಸೀಸೆಗಳಲ್ಲಿ ಎಂದಿಗೂ ತುಂಬಿಡಬಾರದು. ಗ್ಯಾಸ್ ಡಬ್ಬಿಯ ಮೇಲೆಯೇ ಕೂರುವ ಒಲೆಗೆ ಸುತ್ತಲೂ ಗಾಳಿತಡೆ ಕಟ್ಟಿದರೆ ಡಬ್ಬಿ ಅತಿಯಾಗಿ ಕಾದು ಅಪಾಯವಾಗಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಮುಚ್ಚಿದ ಡೇರೆಯೊಳಗೆ ಯಾವುದೇ ಒಲೆ ಹೊತ್ತಿಸಬಾರದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ಮಲಗಿದವರನ್ನು ಎಚ್ಚರವಾಗದಂತೆಯೇ ಕೊಲ್ಲಬಲ್ಲದು.

ಬೆಂಕಿ ಮತ್ತು ಹಕ್ಕು

ಸ್ಕಾಟ್‌ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆಯು ಹೊಣೆಯರಿತು ನಡೆದುಕೊಳ್ಳುವವರಿಗೆ ಬಹುಪಾಲು ಬಯಲು ಪ್ರದೇಶದಲ್ಲಿ ನಡೆಯುವ, ಸೈಕಲ್ ತುಳಿಯುವ ಮತ್ತು ಡೇರೆ ಹೂಡುವ ಹಕ್ಕನ್ನು ನೀಡಿದೆ. ಸಾಧ್ಯವಿರುವ ಕಡೆಯಲ್ಲೆಲ್ಲ ಬಯಲು ಬೆಂಕಿಗೆ ಬದಲಾಗಿ ಒಲೆ ಬಳಸಿ ಎಂದು ಅಲ್ಲಿನ ಸಂಹಿತೆ ಸೂಚಿಸುತ್ತದೆ. ಆದರೂ ಲೋಮಂಡ್ ಸರೋವರದ ದಂಡೆಗಳಲ್ಲಿ ಕಸ ಬಿಸುಟು, ಮರ ಕಡಿದು, ಬೆಂಕಿ ಹಾಕಿದವರ ಹಾವಳಿ ಹೆಚ್ಚಿದ ಕಾರಣ 2017ರಿಂದ ಅಲ್ಲಿನ ನಿಗದಿತ ವಲಯಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಶಿಬಿರಕ್ಕೆ ಪರವಾನಗಿ ಪಡೆಯಬೇಕಾಗಿದೆ. ಕೆಲವರ ಅವಿವೇಕಕ್ಕೆ ಎಲ್ಲರೂ ಬೆಲೆ ತೆರುವಂತಾಯಿತು.

ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಡೇರೆ ಹೂಡಲು ಸಾಮಾನ್ಯವಾಗಿ ಭೂಮಾಲೀಕರ ಅನುಮತಿ ಬೇಕು. ಇದಕ್ಕೆ ಗಮನಾರ್ಹ ಅಪವಾದ ಡಾರ್ಟ್‌ಮೂರ್ ಪ್ರಸ್ಥಭೂಮಿ. 1985ರ ಕಾಯ್ದೆಯೊಂದು ಅಲ್ಲಿನ ಸಾಮೂಹಿಕ ಭೂಮಿಯಲ್ಲಿ ಕಾಲ್ನಡಿಗೆ ಅಥವಾ ಕುದುರೆಯ ಮೇಲೆ ಬರುವ ಸಾರ್ವಜನಿಕರಿಗೆ ಬಯಲು ವಿಹಾರದ ಹಕ್ಕು ನೀಡಿತ್ತು. ಡೇರೆ ಹೂಡುವುದು ಇದರಲ್ಲಿ ಸೇರಿಲ್ಲ, ಅದರಿಂದ ಜಾನುವಾರುಗಳಿಗೂ ಪರಿಸರಕ್ಕೂ ತೊಂದರೆಯಾಗುತ್ತಿದೆ ಎಂದು ಭೂಮಾಲೀಕರು ನ್ಯಾಯಾಲಯದ ಮೊರೆಹೊಕ್ಕರು. 2023ರ ಜನವರಿಯಲ್ಲಿ ಹೈಕೋರ್ಟ್ ಅವರ ಪರ ತೀರ್ಪಿತ್ತಿತು. ಅದೇ ವರ್ಷ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅಂತಿಮವಾಗಿ 2025ರ ಮೇ 21ರಂದು ಸರ್ವೋಚ್ಚ ನ್ಯಾಯಾಲಯವು ಡೇರೆ ಹೂಡುವುದೂ ಬಯಲು ವಿಹಾರದ ಭಾಗವೇ ಎಂದು ಸಾರಿತು. ಕಾಯ್ದೆಯಲ್ಲಿ ಸೈಕಲ್ಲಿನ ಹೆಸರಿಲ್ಲವಾದ್ದರಿಂದ ಸವಾರರು ರಸ್ತೆ ಮತ್ತು ಅನುಮತಿಯಿರುವ ಹಾದಿಗಳನ್ನಷ್ಟೇ ಬಳಸಬೇಕು ಎಂಬುದು ಬೇರೆ ಮಾತು.

ಬೆಂಕಿಯ ಭಯ ಕಾಲ್ಪನಿಕವಲ್ಲ. 2020ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ವೇರ್‌ಹ್ಯಾಮ್ ಅರಣ್ಯದಲ್ಲಿ ಕಾಣಿಸಿಕೊಂಡ ಭಾರಿ ಬೆಂಕಿಗೆ ಬಳಸಿ ಬಿಸಾಡುವ ಬಾರ್ಬೆಕ್ಯೂ ಅಥವಾ ಶಿಬಿರಾಗ್ನಿ ಕಾರಣವಿರಬೇಕೆಂದು ಅಗ್ನಿಶಾಮಕ ದಳ ಹೇಳಿತ್ತು.

ನಮ್ಮಲ್ಲಿ ಪಾಲಿಸಬೇಕಾದದ್ದು

ಕರ್ನಾಟಕದ ಸವಾರರಿಗೂ ಈ ಪಾಠ ಅನ್ವಯಿಸುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು ಅಪರಾಧ. ವನ್ಯಜೀವಿಧಾಮಗಳಿಗೆ ಅಪಾಯ ತರುವಂತೆ ಬೆಂಕಿ ಹಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚನ್ನು ಕಂಡವರಿಗೆ ಬೇಸಿಗೆಯ ಒಣಹುಲ್ಲು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಿಲ್ಲ. ಮಾಲೀಕರ ಒಪ್ಪಿಗೆ ಪಡೆದ ತೋಟ, ಹುಲ್ಲಿಲ್ಲದ ಬರಿನೆಲ ಅಥವಾ ಬಂಡೆಯ ಮೇಲ್ಭಾಗ ಒಲೆ ಹೂಡಲು ಯೋಗ್ಯ. ಪಕ್ಕದಲ್ಲಿ ನೀರಿನ ಸೀಸೆ ಇರಲೇಬೇಕು.

ಸೈಕಲ್ಲನ್ನು ರೈಲಿನಲ್ಲಿ ಸಾಗಿಸುವವರು ಇಂಧನವನ್ನು ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯನ್ವಯ ಅಪಾಯಕಾರಿ ವಸ್ತು ಸಾಗಿಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2023ರ ಆಗಸ್ಟ್ 26ರಂದು ಮಧುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಳಗೆ ಅಕ್ರಮವಾಗಿ ಒಯ್ದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹೊತ್ತಿ ಒಂಬತ್ತು ಮಂದಿ ಜೀವ ಕಳೆದುಕೊಂಡರು. ವಿಮಾನಗಳಲ್ಲಿಯೂ ಗ್ಯಾಸ್ ಡಬ್ಬಿ ಮತ್ತು ಸ್ಪಿರಿಟ್‌ಗೆ ಪ್ರವೇಶವಿಲ್ಲ. ಒಲೆಯನ್ನು ಬರಿದಾಗಿ ಒಯ್ದು, ಇಂಧನವನ್ನು ತಲುಪಿದ ಊರಿನಲ್ಲಿಯೇ ಕೊಳ್ಳುವುದು ಲೇಸು.

ನಮ್ಮ ರಸ್ತೆಗಳಲ್ಲಿ ಕೂಡುದಾರಿಗೊಂದು ಚಹಾದಂಗಡಿ ಇರುವಾಗ ಒಲೆಯನ್ನೇಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಮಂಜಸವೇ. ಅಂಗಡಿಯಲ್ಲಿ ಚಹಾ ಸಿಗುತ್ತದೆ. ನೀರು ಕುದಿಯುವುದನ್ನು ನೋಡುತ್ತ ಸುಮ್ಮನೆ ಕೂರುವ ಹತ್ತು ನಿಮಿಷ ಅಲ್ಲಿ ಸಿಗುವುದು ಅಪರೂಪ. ಆ ಹತ್ತು ನಿಮಿಷಕ್ಕಾಗಿಯೇ ಒಲೆ ಹೊರುವವರು, ಎದ್ದು ಹೊರಡುವಾಗ ಅಲ್ಲಿ ಬೂದಿಯನ್ನಾಗಲಿ ಕಾಗದದ ಚೂರನ್ನಾಗಲಿ ಉಳಿಸದಿದ್ದರೆ, ಮುಂದೆ ಬರುವ ಸವಾರರಿಗೂ ಆ ನೆಲ ತೆರೆದೇ ಇರುತ್ತದೆ.