ಅಂಟು ಕಡಿಮೆ, ಬಣ್ಣ ಜಾಸ್ತಿ

ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಮದಾಮ್ ದ ಪೊಂಪಡೂರ್ ಅವರ ಆಳೆತ್ತರದ ಚಿತ್ರವೊಂದಿದೆ. ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಪ್ರೇಯಸಿ ಈಕೆ. ಕೈಯಲ್ಲಿ ಸಂಗೀತದ ಪುಸ್ತಕ, ಪಕ್ಕದ ಮೇಜಿನ ಮೇಲೆ ವಿಶ್ವಕೋಶದ ಸಂಪುಟ, ಮೈಮೇಲೆ ಹೂಬಳ್ಳಿಯ ರೇಷ್ಮೆ ಗೌನು. ದೂರದಿಂದ ಕಂಡವರು ತೈಲಚಿತ್ರವೆಂದೇ ತಿಳಿಯುತ್ತಾರೆ. ಅಲ್ಲ. ಮೋರಿಸ್ ಕ್ವಾಂತೆ ದ ಲಾ ತೂರ್ 1755ರಲ್ಲಿ ಪ್ರದರ್ಶನಕ್ಕಿಟ್ಟ ಈ ಚಿತ್ರ ಮೂಡಿದ್ದು ಕಾಗದದ ಹಾಳೆಗಳನ್ನು ಜೋಡಿಸಿ, ಅದರ ಮೇಲೆ ಒಣ ಬಣ್ಣದ ಕಡ್ಡಿ ತಿಕ್ಕಿ. ಆ ಕಡ್ಡಿಯೇ ಪೇಸ್ಟಲ್.

ಪೇಸ್ಟಲ್ ಎಂದರೆ ನಮಗೆ ನೆನಪಾಗುವುದು ಶಾಲಾ ಮಕ್ಕಳ ಬ್ಯಾಗಿನಲ್ಲಿರುವ ಕ್ಯಾಮೆಲ್ ಡಬ್ಬಿ. ಅದು ಆಯಿಲ್ ಪೇಸ್ಟಲ್, ಇತ್ತೀಚಿನದು. ಲಾ ತೂರ್ ಹಿಡಿದದ್ದು ಸಾಫ್ಟ್ ಪೇಸ್ಟಲ್. ಬಣ್ಣದ ಪುಡಿ, ಸೀಮೆಸುಣ್ಣದ ಪುಡಿ, ಜೊತೆಗೆ ತೆಳ್ಳಗೆ ಕದಡಿದ ಗೋಂದಿನ ನೀರು: ಇಷ್ಟೇ ಸಾಮಗ್ರಿ. ಜಾಣತನವೆಲ್ಲ ಗೋಂದಿನ ಅಳತೆಯಲ್ಲಿದೆ. ಕೈಯಲ್ಲಿ ಹಿಡಿದಾಗ ಕಡ್ಡಿ ಮುರಿಯಬಾರದು, ಕಾಗದಕ್ಕೆ ತಾಗಿಸಿದೊಡನೆ ಉದುರಬೇಕು. ಮಣ್ಣಿನಿಂದ ಬರುವ ಕೆಲವು ಕಾವಿ ಬಣ್ಣಗಳಿಗೆ ಗೋಂದು ಹೆಚ್ಚುಕಡಿಮೆ ಬೇಡವೇ ಬೇಡ, ಅವುಗಳಲ್ಲಿರುವ ಜೇಡಿಯೇ ಸಾಕು. ಇನ್ನು ಕೆಲವು ಬಣ್ಣಗಳು ಅಷ್ಟು ಸುಲಭಕ್ಕೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಬಣ್ಣಕ್ಕೊಂದು ಪಾಕ.

ಇನ್ನೊಂದು ತೊಡಕೂ ಇದೆ. ಜಲವರ್ಣದಂತೆ ಇವನ್ನು ತಟ್ಟೆಯಲ್ಲಿ ಕಲಸಿಕೊಳ್ಳಲು ಬರುವುದಿಲ್ಲ. ಬೇಕಾದ ಛಾಯೆ ಕಡ್ಡಿಯಾಗಿಯೇ ಸಿಗಬೇಕು. ಒಂದು ನೀಲಿಗೆ ಸೀಮೆಸುಣ್ಣ ಬೆರೆಸುತ್ತಾ ಹೋಗಿ ಹತ್ತು ನೀಲಿ ಮಾಡಿಡುವುದು ಇದಕ್ಕೇ. ಪ್ಯಾರಿಸ್‌ನ ರ್‍ಯೂ ರಾಂಬುತೋದಲ್ಲಿರುವ ‘ಮೇಸೋಂ ದು ಪಾಸ್ತೆಲ್’ ಅಂಗಡಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಛಾಯೆಗಳಿವೆ. ಹದಿನೆಂಟನೇ ಶತಮಾನದಲ್ಲಿ ಬೇರುಳ್ಳ ಈ ಉದ್ಯಮವನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಔಷಧ ತಯಾರಕ ಆನ್ರಿ ರೋಶೆ ವಹಿಸಿಕೊಂಡರು. ಚಿತ್ರಕಾರ ದೆಗಾ ರೋಶೆಯವರ ಗಿರಾಕಿಯಾಗಿದ್ದರು. ವಾರಸುದಾರರಿಲ್ಲದೆ ಬಾಗಿಲು ಹಾಕುವ ಹಂತ ತಲುಪಿದ್ದಾಗ, 2000ದಲ್ಲಿ ಅದೇ ಕುಟುಂಬದ ಇಸಾಬೆಲ್ ರೋಶೆ ಎಂಜಿನಿಯರ್ ಕೆಲಸ ಬಿಟ್ಟು ಬಂದರು. ಅರೆದ ಬಣ್ಣದ ನೀರು ಹಿಂಡಿ, ರೊಟ್ಟಿ ಹಿಟ್ಟಿನ ಹದಕ್ಕೆ ತಂದು, ಒಂದೊಂದೇ ಕಡ್ಡಿಯನ್ನು ಕೈಯಲ್ಲಿ ಹೊಸೆಯುವ ಪದ್ಧತಿ ಅಲ್ಲಿ ಇವತ್ತಿಗೂ ಉಳಿದಿದೆ.

ಪೇಸ್ಟಲ್‌ಗೆ ಯುರೋಪಿನ ಅರಮನೆಗಳ ಬಾಗಿಲು ತೆರೆಸಿದವರು ವೆನಿಸ್‌ನ ರೊಸಾಲ್ಬಾ ಕರ್ರಿಯೇರಾ. 1720ರಲ್ಲಿ ಆಕೆ ಪ್ಯಾರಿಸ್‌ಗೆ ಬಂದಾಗ ಚಿತ್ರ ಬರೆಸಿಕೊಳ್ಳಲು ಸಿರಿವಂತರು ಮುಗಿಬಿದ್ದರು; ಬಾಲಕ ದೊರೆ ಲೂಯಿಯನ್ನೂ ಆಕೆ ಚಿತ್ರಿಸಿದರು. ಎಣ್ಣೆಬಣ್ಣ ಒಣಗಲೆಂದು ಕಾಯುವ ಗೋಳು ಇದರಲ್ಲಿಲ್ಲವಲ್ಲ! ಎಪ್ಪತ್ತು ದಾಟಿದ ಫ್ರೆಂಚ್ ಚಿತ್ರಕಾರ ಶಾರ್ದಾಂ ಪೇಸ್ಟಲ್ ಹಿಡಿದ ಕಾರಣವೇ ಬೇರೆ, ಅವರ ಕಣ್ಣು ಕೆಟ್ಟಿತ್ತು. ಮೂಗಿನ ಮೇಲೆ ಕನ್ನಡಕ, ತಲೆಗೆ ಬಟ್ಟೆ ಸುತ್ತಿಕೊಂಡ ಅವರ 1771ರ ಸ್ವಚಿತ್ರ ಆ ಕಾಲದ ಕೊಡುಗೆ. ಲಾ ತೂರ್‌ನ ರೇಷ್ಮೆ ಗೌನಿಗಿಂತ ಈ ಮುದುಕನ ಮುಖವೇ ಒಂದು ತೂಕ ಹೆಚ್ಚು ಎನ್ನಬೇಕು.

ಗೋಂದು ಹೆಚ್ಚಿಸಿದರೆ ಹಾರ್ಡ್ ಪೇಸ್ಟಲ್. ಸಾಮಾನ್ಯವಾಗಿ ಚೌಕನೆಯ ಕಡ್ಡಿ, ಗೆರೆ ಎಳೆಯಲು ಹೇಳಿಮಾಡಿಸಿದ್ದು. ಅದಕ್ಕೆ ಮರದ ಕವಚ ತೊಡಿಸಿದರೆ ಪೇಸ್ಟಲ್ ಪೆನ್ಸಿಲ್.

ಆಯಿಲ್ ಪೇಸ್ಟಲ್‌ನಲ್ಲಿ ಗೋಂದಿನ ಜಾಗಕ್ಕೆ ಎಣ್ಣೆ, ಮೇಣ ಬರುತ್ತವೆ. 1920ರ ದಶಕದಲ್ಲಿ ಜಪಾನಿನ ಸಕುರಾ ಕಂಪನಿ ಶಾಲಾ ಮಕ್ಕಳಿಗಾಗಿ ಇದನ್ನು ರೂಪಿಸಿತು. ದೊಡ್ಡವರ ಸರದಿ ತಡವಾಗಿ ಬಂತು. ಕ್ಯಾನ್ವಾಸು, ಮರ, ಲೋಹ ಯಾವುದರ ಮೇಲಾದರೂ ಹಿಡಿಯುವ ಕಡ್ಡಿ ಪಿಕಾಸೊಗೆ ಬೇಕಿತ್ತು. ಅವರ ಪರವಾಗಿ ಕಲಾವಿದ ಆನ್ರಿ ಗೋಯೆಟ್ಜ್ ಕೇಳಿಕೊಂಡ ಮೇಲೆ, 1949ರಲ್ಲಿ ಪ್ಯಾರಿಸ್‌ನ ಸೆನೆಲಿಯೇ ಕಂಪನಿ ಅದನ್ನು ತಯಾರಿಸಿತು. ಇದು ಪೂರ್ತಿ ಒಣಗುವುದೇ ಇಲ್ಲ. ಹಾಳೆಗೆಲ್ಲ ಬಣ್ಣ ಮೆತ್ತಿ, ಮೇಲೆ ಕಪ್ಪು ಬಳಿದು, ಕೈವಾರದ ಮೊನೆಯಿಂದ ಕೆರೆದು ಮಕ್ಕಳು ಪಟಾಕಿಯ ಚಿತ್ರ ಬಿಡಿಸುವುದು ಸಾಧ್ಯವಾಗಿರುವುದು ಆ ಗುಣದಿಂದಲೇ.

ಸಾಫ್ಟ್ ಪೇಸ್ಟಲ್‌ನ ಚಿಂತೆ ಮಾತ್ರ ಪುಡಿಯದ್ದೇ. ಸಡಿಲವಾಗಿ ಕೂತ ಕಣಗಳ ಮೇಲೆ ಬೆಳಕು ಚೆದುರುವುದರಿಂದ ಆ ಮಖಮಲ್ಲಿನ ಹೊಳಪು. ಫಿಕ್ಸೆಟಿವ್ ಎಂಬ ಅಂಟುದ್ರವ ಸಿಂಪಡಿಸಿದರೆ ಪುಡಿ ನಿಲ್ಲುತ್ತದೆ, ಬಣ್ಣ ಮಂಕಾಗುತ್ತದೆ. ದೆಗಾ ಪದರಕ್ಕೊಮ್ಮೆ ಫಿಕ್ಸೆಟಿವ್ ಹಾಕಿ, ಕೆಲವೊಮ್ಮೆ ಹಬೆ ಹಿಡಿದು, ಬಣ್ಣದ ಮೇಲೆ ಬಣ್ಣ ಏರಿಸುತ್ತಿದ್ದರು. ಹಾಗೆಂದು ಇದು ಬಾಳದ ಮಾಧ್ಯಮವೇನಲ್ಲ: ಎಡ್ವರ್ಡ್ ಮುಂಕ್‌ನ ‘ಚೀತ್ಕಾರ’ದ 1895ರ ಪೇಸ್ಟಲ್ ಆವೃತ್ತಿ 2012ರ ಹರಾಜಿನಲ್ಲಿ ಸುಮಾರು 12 ಕೋಟಿ ಡಾಲರಿಗೆ ಹೋಯಿತು.

ಕಟ್ಟು ಹಾಕಿಸುವಾಗ ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಕೊಟ್ಟು ಅಂತರ ಬಿಡಿಸಬೇಕು. ಹಗುರವೆಂದು ಅಕ್ರಿಲಿಕ್ ಶೀಟು ಹಾಕಿಸಿದರೆ ಅದರ ಸ್ಥಿರವಿದ್ಯುತ್ತು ಪುಡಿಯನ್ನು ಸೆಳೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಾದರೆ ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕದಿರುವುದು ಒಳ್ಳೆಯದು. ತೇವಕ್ಕೆ ಕಾಗದ ಬೂಸ್ಟು ಹಿಡಿದರೆ, ಒರೆಸಿ ತೆಗೆಯಲು ಹೋದ ಬಟ್ಟೆಗೆ ಬೂಸ್ಟಿನ ಜೊತೆ ಚಿತ್ರವೂ ಬರುತ್ತದೆ.