ಮೆಚ್ಚಿದ್ದೆಷ್ಟು, ಮೆಚ್ಚದ್ದೆಷ್ಟು: ಮೂರು ವಿಜ್ಞಾನ ಕಾದಂಬರಿಗಳು



ಪುಸ್ತಕ ಓದಿ ಮುಗಿಸಿದವರನ್ನು "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿದುಬಿಡುತ್ತದೆ. ವಿಜ್ಞಾನ ಕಾದಂಬರಿಗೆ ಅಷ್ಟು ಸಾಲದು. ಅದಕ್ಕೆ ಎರಡು ಪರೀಕ್ಷೆ: ಕಥೆ ನಮ್ಮನ್ನು ಹಿಡಿದು ಕೂರಿಸಿತೇ? ಅದರೊಳಗಿನ ವಿಜ್ಞಾನ ಸರಿಯಿದೆಯೇ? ಈಚಿನ ವರ್ಷಗಳಲ್ಲಿ ಜಗತ್ತಿನಾದ್ಯಂತ ಜನ ಓದಿದ ಮೂರು ಕಾದಂಬರಿಗಳನ್ನು ಹೀಗೆ ತೂಗಿ ನೋಡೋಣ, ಬನ್ನಿ.

ಮಂಗಳನಲ್ಲಿ ಆಲೂಗಡ್ಡೆ

ಅಮೆರಿಕದ ಆಂಡಿ ವಿಯರ್ 2011ರಲ್ಲಿ ಹೊರತಂದ 'ದಿ ಮಾರ್ಷಿಯನ್', ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದುಹೋದ ಗಗನಯಾತ್ರಿಯ ಕಥೆ. ಅವನು ಅಲ್ಲಿನ ಮಣ್ಣಿಗೆ ಮಲದ ಗೊಬ್ಬರ ಬೆರೆಸಿ, ರಾಕೆಟ್ ಇಂಧನದಿಂದ ನೀರು ಮಾಡಿಕೊಂಡು ಆಲೂಗಡ್ಡೆ ಬೆಳೆಯುತ್ತಾನೆ. ಎಷ್ಟು ಕ್ಯಾಲೊರಿ, ಎಷ್ಟು ದಿನಕ್ಕೆ ಸಾಕು ಎಂದು ಲೆಕ್ಕ ಹಾಕುತ್ತಲೇ ಬದುಕುತ್ತಾನೆ. ನನಗೆ ಹಿಡಿಸಿದ್ದು ಇದೇ. ನಮ್ಮ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ, ಅವನದು ತಪ್ಪಿದರೆ ಜೀವವೇ ಹೋಗುತ್ತದೆ.

ಆದರೆ ಕಥೆಗೆ ಕಾರಣವಾದ ಬಿರುಗಾಳಿಯೇ ತಪ್ಪು! ಅದರ ವೇಗ ಗಂಟೆಗೆ 175 ಕಿ.ಮೀ. ಅಂತೆ. ಮಂಗಳನ ಗಾಳಿಯ ಸಾಂದ್ರತೆ ನಮ್ಮ ಗಾಳಿಯದರ ಸುಮಾರು ಅರವತ್ತರಲ್ಲಿ ಒಂದು ಪಾಲು. ಗಾಳಿ ತಳ್ಳುವ ಬಲ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. 60ರ ವರ್ಗಮೂಲ ಸುಮಾರು 7.7. ಅದರಿಂದ 175ನ್ನು ಭಾಗಿಸಿ ನೋಡಿ, ಸುಮಾರು 23 ಬರುತ್ತದೆ. ಅಂದರೆ ನಮ್ಮೂರಲ್ಲಿ ಗಂಟೆಗೆ 23 ಕಿ.ಮೀ. ಬೀಸುವ ಗಾಳಿಯಷ್ಟೇ ಬಲ. ಗಾಳಿಪಟ ಹಾರೀತು, ರಾಕೆಟ್ ಉರುಳದು. ಲೇಖಕರೂ ಇದನ್ನು ಒಪ್ಪಿಕೊಂಡಿದ್ದಾರೆ. ಮಂಗಳನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಹಾನಿಕರ ಲವಣವಿದೆ ಎಂದು ಫೀನಿಕ್ಸ್ ನೌಕೆ 2008ರಲ್ಲೇ ಕಂಡುಕೊಂಡಿತ್ತು. ಕಾದಂಬರಿಯಲ್ಲಿ ಅದರ ಸುದ್ದಿಯೇ ಇಲ್ಲ.

ಮೂರು ಸೂರ್ಯರ ಲೋಕ

ಚೀನಾದ ಲಿಯು ಸಿಶಿನ್ ಬರೆದ 'ದಿ ಥ್ರೀ-ಬಾಡಿ ಪ್ರಾಬ್ಲಮ್' ಇಂಗ್ಲಿಷಿಗೆ ಅನುವಾದಗೊಂಡು 2015ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಮೂರು ಸೂರ್ಯರ ಎಳೆದಾಟದಲ್ಲಿ ಸಿಕ್ಕ ಗ್ರಹವೊಂದರಲ್ಲಿ ನಾಳೆ ಹಗಲೋ, ಹಿಮವೋ, ಬೆಂಕಿಯೋ ಹೇಳಲಾಗದು. ಕಷ್ಟಕಾಲದಲ್ಲಿ ಅಲ್ಲಿನ ಜೀವಿಗಳು ಮೈಯ ನೀರನ್ನೆಲ್ಲ ಹೊರಹಾಕಿ ಚರ್ಮದಂತೆ ಒಣಗಿ ಕಾಯುತ್ತವೆ. ಎಂಥ ಕಲ್ಪನೆ, ಅಲ್ವಾ?

ಮೂರು ಕಾಯಗಳ ಚಲನೆ ಹೇಳುವುದು ಕಷ್ಟ ಎಂಬುದು ನಿಜವಾದ ಗಣಿತ. ಆದರೆ ಕಥೆ ಹೇಳುವ ಆಲ್ಫಾ ಸೆಂಟಾರಿಯಲ್ಲಿ ಹಾಗಿಲ್ಲ. ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯದಾದ ಪ್ರಾಕ್ಸಿಮಾ ಭೂಮಿ-ಸೂರ್ಯರ ದೂರದ ಸುಮಾರು 13,000 ಪಟ್ಟು ಆಚೆ ಇದೆ. ಅಲ್ಲಿ ಅಂಥ ಗೊಂದಲ ಆಗುವುದಿಲ್ಲ. ಇನ್ನೊಂದು ಕೊರತೆ: ಯೆ ವೆನ್‌ಜೀ ಎಂಬ ವಿಜ್ಞಾನಿಯನ್ನು ಬಿಟ್ಟರೆ ಉಳಿದ ಪಾತ್ರಗಳು ಮನಸ್ಸಿನಲ್ಲಿ ನಿಲ್ಲಲಿಲ್ಲ.

ನಮ್ಮ ನೆಲಕ್ಕೇ ಬಂದ ಕಥೆ

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 'ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್' (2020) ಉತ್ತರ ಪ್ರದೇಶದ ಬಿಸಿಗಾಳಿಯಿಂದ ಶುರುವಾಗುತ್ತದೆ. ಕರೆಂಟ್ ಹೋಗಿದೆ, ಜನ ಕೆರೆಗಿಳಿಯುತ್ತಾರೆ, ಕೆರೆಯ ನೀರೂ ಬಿಸಿ. ಈ ಅಧ್ಯಾಯ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದರ ವಿಜ್ಞಾನ ಗಟ್ಟಿ. ಬೆವರು ಆರಿದರೆ ಮೈ ತಂಪಾಗುತ್ತದೆ. ಸೊಲ್ಲಾಪುರದಲ್ಲಿ 42 ಡಿಗ್ರಿ ಇದ್ದರೂ ಒಣಗಾಳಿಗೆ ಬೆವರು ಬೇಗ ಆರುತ್ತದೆ. ಕಾಸರಗೋಡಿನಲ್ಲಿ 34 ಇದ್ದರೂ ತೇವ ಹೆಚ್ಚಾದ್ದರಿಂದ ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೇ 35 ಡಿಗ್ರಿ ತೋರಿಸಿತೋ, ಆಗ ನೆರಳಲ್ಲಿ ಕೂತ ಗಟ್ಟಿಮುಟ್ಟಾದವರೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರರು. ಈ ಮಿತಿ ಇನ್ನೂ ಕೆಳಗಿದೆ ಎಂದು ಹೊಸ ಪ್ರಯೋಗಗಳು ಹೇಳುತ್ತಿವೆ.

ಆದರೆ ಮುಂದೆ ಪುಟಗಟ್ಟಲೆ ಬ್ಯಾಂಕು, ಸಭೆ, ವರದಿ. ಕಥೆ ಭಾಷಣವಾಗಿ ಬೇಸರ ತರಿಸಿತು.

ಹಾಗಾದರೆ ಯಾವುದು ಮೇಲು? ವಿಜ್ಞಾನ ತಪ್ಪಿದ ಮೊದಲನೆಯದನ್ನು ನಾನು ಎರಡು ಸಲ ಓದಿದೆ, ಸರಿಯಿದ್ದ ಮೂರನೆಯದನ್ನು ಕಷ್ಟಪಟ್ಟು ಮುಗಿಸಿದೆ. ಆದರೂ ಬೇಸಿಗೆ ಬಂದಾಗ ನೆನಪಾಗುವುದು ಮೂರನೆಯದೇ.

ಈಗ ನಿಮ್ಮ ಸರದಿ. ಶಾಲೆಯ ಪ್ರಯೋಗಾಲಯದ ಎರಡು ಉಷ್ಣಮಾಪಕ ತಗೊಳ್ಳಿ, ಒಂದರ ಬಲ್ಬಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡನ್ನೂ ನೆರಳಲ್ಲಿ ತೂಗುಹಾಕಿ ಗಾಳಿ ಬೀಸಿ. ಮಧ್ಯಾಹ್ನದ ಎರಡೂ ಅಳತೆಗಳನ್ನು ಒಂದು ವಾರ ಬರೆದಿಡಿ. ಆಮೇಲೆ ಹೇಳಿ, ಆ ಕಾದಂಬರಿ ನಿಮ್ಮೂರಿಗೆ ಎಷ್ಟು ದೂರ?