ತೆರೆದ ವಿಳಾಸದ ಚೆಲುವು

ಕನ್ನಡ ವಿಕಿಪೀಡಿಯದಲ್ಲಿ ಶ್ರವಣಬೆಳಗೊಳದ ಪುಟ ತೆರೆದು, ಅದರ ವಿಳಾಸವನ್ನು ಒಂದು ಇಮೇಲ್‌ಗೆ ಅಂಟಿಸಿ ನೋಡಿ. ಬ್ರೌಸರ್‌ನಲ್ಲಿ ಕನ್ನಡದಲ್ಲೇ ಕಾಣುತ್ತಿದ್ದ ಊರಿನ ಹೆಸರು ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲಾಗಿಬಿಡುತ್ತದೆ. ಕೆಟ್ಟದ್ದೇನೂ ಆಗಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದೊಳಗೆ ಒಂದೊಂದು ಬೈಟ್ ಕೂಡ ಮೂರು ಅಕ್ಷರಗಳ ಜಾಗ ಹಿಡಿಯುತ್ತದೆ. ಅರ್ಧಾಕ್ಷರದ ಗುರುತು, ಸ್ವರಚಿಹ್ನೆಗಳನ್ನೂ ಬಿಡಿಯಾಗಿ ಎಣಿಸಿದರೆ ‘ಶ್ರವಣಬೆಳಗೊಳ’ದಲ್ಲಿ 11 ಸಂಕೇತಗಳಿವೆ. ಅಲ್ಲಿಗೆ 99 ಅಕ್ಷರ. ವಿಕಿಪೀಡಿಯದ ವಿಳಾಸವೂ ಸೇರಿ ಒಟ್ಟು 129.

ಇಮೇಲ್‌ನ ಒಂದು ಸಾಲು 78 ಅಕ್ಷರ ಮೀರದಿರಲಿ ಎಂಬುದು ಅಂತರಜಾಲದ ಹಳೆಯ ಶಿಫಾರಸು. ಅದನ್ನು ಪಾಲಿಸುವ ಕೆಲವು ತಂತ್ರಾಂಶಗಳು ಉದ್ದದ ಸಾಲನ್ನು ನಡುವೆಯೇ ಮುರಿಯುತ್ತವೆ. ಆಗ ಕೊಂಡಿಯ ಮೊದಲರ್ಧ ಮಾತ್ರ ನೀಲಿಯಾಗಿ ಉಳಿಯುತ್ತದೆ. ಒತ್ತಿದವರಿಗೆ ಬೆಳಗೊಳ ಸಿಗುವುದಿಲ್ಲ.

ಇದಕ್ಕೆ ಪರಿಹಾರ ಹಳೆಯದು, ಸೊಗಸಾದದ್ದು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಮತ್ತು ಇನ್ನಿಬ್ಬರು 2005ರ ಜನವರಿಯಲ್ಲಿ ಹೊರತಂದ ವಿಳಾಸ ನಿಯಮಾವಳಿಯ ಅನುಬಂಧದಲ್ಲಿ, ಸಾದಾ ಪಠ್ಯದಲ್ಲಿ ಬರೆಯುವ ಕೊಂಡಿಯನ್ನು < > ಎಂಬ ಕೋನದ ಆವರಣದೊಳಗೆ ಇಡಿ ಎಂದಿದ್ದಾರೆ. ಶುರು ಎಲ್ಲಿ, ಕೊನೆ ಎಲ್ಲಿ ಎಂಬುದು ಅದರಿಂದ ಖಚಿತ. ನಡುವೆ ಸಾಲು ಮುರಿದರೂ ಆವರಣ ಮುಗಿಯುವವರೆಗೆ ಒಂದೇ ಕೊಂಡಿ ಎಂದು ಓದುಗರಿಗೆ ಗೊತ್ತಾಗುತ್ತದೆ. ಎರಡೇ ಗುರುತುಗಳಲ್ಲಿ ಇಷ್ಟು ಕೆಲಸ ಮಾಡಿಸಿದವರ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ಕನ್ನಡದಲ್ಲಿ ಬರೆಯುವವರಿಗೆ ಈ ಆವರಣದ ಉಪಯೋಗ ಇನ್ನೂ ಹೆಚ್ಚು. ನಾವು ಯಾವ ಹೆಸರಿಗಾದರೂ ‘ನಲ್ಲಿ’, ‘ಗೆ’, ‘ಇಂದ’ ಅಂಟಿಸಿಯೇ ಮಾತಾಡುತ್ತೇವೆ. ವಿಳಾಸಕ್ಕೂ ಹಾಗೆಯೇ ಪ್ರತ್ಯಯ ಸೇರಿಸಿದರೆ, ಅದೂ ವಿಳಾಸದ ಭಾಗವೆಂದು ತಂತ್ರಾಂಶ ತಿಳಿದು ಇಲ್ಲದ ಪುಟ ಹುಡುಕಬಹುದು. ವಾಕ್ಯದ ಕೊನೆಯ ಚುಕ್ಕಿಯಿಂದಲೂ ಇದೇ ಕಾಟ. ಪಳಗಿದ ಕೈ ವಾಕ್ಯವನ್ನೇ ತಿರುಗಿಸಿ ಬರೆಯುತ್ತದೆ: ‘ರೈಲಿನ ವೇಳೆ ಈ ಪುಟದಲ್ಲಿದೆ’ ಎಂದು ಮುಗಿಸಿ, ಮುಂದಿನ ಸಾಲಿನಲ್ಲಿ ಕೊಂಡಿಯೊಂದನ್ನೇ ನಿಲ್ಲಿಸುತ್ತದೆ. ಅಮೆರಿಕದಿಂದ ಬರುವ ನೆಂಟರಿಗೆ ಬೆಳಗೊಳದ ರೈಲು, ಕೊಠಡಿ, ಬೆಟ್ಟ ಹತ್ತುವ ಸಮಯ ಎಲ್ಲವನ್ನೂ ಒಂದೇ ಪತ್ರದಲ್ಲಿ ತಿಳಿಸುವುದಿದ್ದರೆ, ಮಾತಿನ ನಡುವೆ [1], [2] ಎಂದಷ್ಟೇ ಹಾಕಿ ಕೊಂಡಿಗಳನ್ನು ಪತ್ರದ ಬುಡದಲ್ಲಿ ಕೊಡಬಹುದು. ಆ ಪತ್ರವನ್ನು ಮನೆಯ ಅಜ್ಜಿಗೆ ಓದಿ ಹೇಳುವವರಿಗೂ ತೊಡಕಾಗುವುದಿಲ್ಲ.

ಇನ್ನು ಸುರಕ್ಷತೆ. ಬಣ್ಣಬಣ್ಣದ ಇಮೇಲ್‌ನಲ್ಲಿ ‘ಇಲ್ಲಿ ಒತ್ತಿ’ ಎಂಬ ಗುಂಡಿಯ ಹಿಂದೆ ಯಾವ ವಿಳಾಸವನ್ನಾದರೂ ಬಚ್ಚಿಡಬಹುದು. ಸಾದಾ ಪಠ್ಯಕ್ಕೆ ಆ ಮುಸುಕಿಲ್ಲ. ಮಾಡಿಸಿದ್ದು ಚಾವುಂಡರಾಯ ಎಂಬುದನ್ನು ಬೆಳಗೊಳದ ವಿಂಧ್ಯಗಿರಿಯ ಗೊಮ್ಮಟನ ಪಾದದ ಬಳಿ ಎಲ್ಲರಿಗೂ ಕಾಣುವಂತೆ ಕೆತ್ತಿದ್ದಾರಲ್ಲ, ಹಾಗೆ ಇಲ್ಲಿ ಒಡೆಯನ ಹೆಸರು ಕಣ್ಣೆದುರೇ ಇರುತ್ತದೆ. ಆದರೆ ಓದಲು ಬರಬೇಕು. ಎರಡು ಓರೆಗೆರೆಗಳಾದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದಬೇಕು. ಇವೆರಡು ಕಲ್ಪಿತ ವಿಳಾಸಗಳನ್ನು ಹೋಲಿಸಿ:

<//ವಸತಿ.ಭಾರತ/ಕೊಠಡಿ>
<//ವಸತಿ.ಭಾರತ.ಕೊಠಡಿ.ಕಾಂ/>

ಮೊದಲನೆಯದರ ಒಡೆಯ ‘ವಸತಿ.ಭಾರತ’. ಎರಡನೆಯದರದು ‘ಕೊಠಡಿ.ಕಾಂ’, ಮುಂದಿರುವ ‘ವಸತಿ.ಭಾರತ’ ಬರೀ ವೇಷ. ಎರಡು ಓರೆಗೆರೆಗಳಿಗೂ ಆ ಒಂಟಿ ಓರೆಗೆರೆಗೂ ನಡುವೆ @ ಚಿಹ್ನೆ ಕಂಡರಂತೂ ಅದರ ಎಡಕ್ಕಿರುವುದನ್ನು ನಂಬಬೇಡಿ, ನಿಜವಾದ ತಾಣ ಅದರ ಬಲಕ್ಕಿದೆ. ವಿಳಾಸವನ್ನು ಮೊಟಕುಗೊಳಿಸಿದ ಪುಟ್ಟ ಕೊಂಡಿಗಳು ನೋಡಲು ಚೆಂದ, ಆದರೆ ಅವು ಮತ್ತೆ ಮುಸುಕು ಹಾಕುತ್ತವೆ. ಪತ್ರದಲ್ಲಿ ಉದ್ದದ ವಿಳಾಸವೇ ಮರ್ಯಾದಸ್ಥ ಎಂಬುದು ನನ್ನ ಅಭಿಪ್ರಾಯ.

‘.ಭಾರತ’ ಎಂದು ಕನ್ನಡದಲ್ಲೇ ಮುಗಿಯುವ ವಿಳಾಸಗಳು ಈಗ ನಿಜಕ್ಕೂ ಇವೆ. ಇದು ಹೆಮ್ಮೆಯ ಸಂಗತಿ; ಜೊತೆಗೆ ಹೊಸ ಎಚ್ಚರವೂ ಬೇಕು. ನಮ್ಮ ‘ರ’ ಮತ್ತು ತೆಲುಗಿನ ‘ರ’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನಮ್ಮ ಸೊನ್ನೆಗೂ ಅನುಸ್ವಾರಕ್ಕೂ ಇರುವ ವ್ಯತ್ಯಾಸ ಅವಸರದಲ್ಲಿ ಯಾರಿಗೆ ಕಾಣುತ್ತದೆ? ಹಣದ ವ್ಯವಹಾರವಿದ್ದರೆ ಬಂದ ಕೊಂಡಿ ಒತ್ತದೆ, ಗೊತ್ತಿರುವ ವಿಳಾಸವನ್ನು ನೀವೇ ಟೈಪ್ ಮಾಡಿ.

ಯಾತ್ರಾಸ್ಥಳಗಳ ಹೆಸರಿನ ಮೋಸ ಕಲ್ಪನೆಯಲ್ಲ. ಕೇದಾರನಾಥ, ಸೋಮನಾಥ ಯಾತ್ರಿಕರನ್ನು ಹಿಡಿಯುವ ನಕಲಿ ಬುಕಿಂಗ್ ತಾಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು. ಬೆಳಗೊಳಕ್ಕೆ ಹೊರಟವರೂ ಕೊಠಡಿಗೆ ಹಣ ಕಟ್ಟುವ ಮುನ್ನ ಆ ಒಂಟಿ ಓರೆಗೆರೆಯ ಎಡಕ್ಕೆ ಏನಿದೆ ಎಂದು ಓದಿಕೊಳ್ಳಿ. ಮೋಸ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.